ಬಸ್ರಾದಿಂದ ಹೊರಟ ಬೆಳಕು: ಇಬ್ನುಲ್ ಹೈಸಮ್ ಮತ್ತು ಇಂದಿನ ಕನ್ನಡಕ



ಎ.ಆರ್. ಕನ್ನಡಕ ಎಂಬ ಹೆಸರನ್ನು ನೀವು ಈಗಾಗಲೇ ಕೇಳಿರುತ್ತೀರಿ. ಆಗ್ಮೆಂಟೆಡ್ ರಿಯಾಲಿಟಿ ಎಂಬುದರ ಚಿಕ್ಕ ರೂಪ ಅದು. ಆ ಕನ್ನಡಕ ಹಾಕಿಕೊಂಡರೆ ಎದುರಿನ ರಸ್ತೆ, ಮರ, ಮನುಷ್ಯರು ಎಂದಿನಂತೆಯೇ ಕಾಣುತ್ತಾರೆ. ಅದರ ಜೊತೆಗೆ ದಾರಿ ತೋರಿಸುವ ಒಂದು ಬಾಣದ ಗುರುತೋ, ಯಂತ್ರದ ಯಾವ ತಿರುಪನ್ನು ಬಿಚ್ಚಬೇಕೆಂಬ ಸೂಚನೆಯೋ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಇದನ್ನು ತಯಾರಿಸುವವರನ್ನು ಬಹಳವಾಗಿ ಕಾಡಿರುವುದು ಬೆಳಕಿನ ತೊಡಕು. ಚಿತ್ರ ಕಣ್ಣಿನ ತುಂಬ ಅಗಲವಾಗಿ ಕಾಣಬೇಕು, ಕನ್ನಡಕ ಮಾತ್ರ ಮೂಗಿನ ಮೇಲೆ ಹಗುರವಾಗಿ ಕೂರಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ಆಗಿಬರುವುದಿಲ್ಲ.

ಏಕೆ ಆಗಿಬರುವುದಿಲ್ಲ ಎಂದು ಕೇಳುತ್ತಾ ಹೋದರೆ ನಾವು ಸಾವಿರ ವರ್ಷಗಳ ಹಿಂದಿನ ಒಬ್ಬ ವಿದ್ವಾಂಸರ ಮನೆ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಅವರೇ ಅಬೂ ಅಲೀ ಅಲ್-ಹಸನ್ ಇಬ್ನುಲ್ ಹೈಸಮ್. ಯುರೋಪಿನವರು ಅಲ್-ಹಸನ್ ಎಂಬ ಹೆಸರನ್ನು ಅಲ್ಹಾಝೆನ್ ಎಂದು ತಿರುಗಿಸಿಕೊಂಡರು. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಅಲ್ಹಾಝೆನ್ ಎಂಬ ಹೆಸರು ಕಂಡರೆ ಅದು ಇವರದೇ ಎಂದು ತಿಳಿಯಿರಿ.

ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 965ರಲ್ಲಿ, ಹಿಜರಿ 354ರ ಹೊತ್ತಿಗೆ, ಇರಾಕಿನ ಬಸ್ರಾ ನಗರದಲ್ಲಿ. ಬಸ್ರಾ ಹಡಗು ವ್ಯಾಪಾರಕ್ಕೂ ಅರಬ್ಬಿ ವ್ಯಾಕರಣಕ್ಕೂ ಹೆಸರಾದ ಊರು. ಯೂಕ್ಲಿಡ್, ಟಾಲೆಮಿ, ಅರಿಸ್ಟಾಟಲ್, ಗ್ಯಾಲೆನ್ ಮೊದಲಾದ ಗ್ರೀಕ್ ವಿದ್ವಾಂಸರ ಗ್ರಂಥಗಳು ಅಷ್ಟು ಹೊತ್ತಿಗೆ ಬಗ್ದಾದಿನ ಭಾಷಾಂತರಕಾರರ ಶ್ರಮದಿಂದ ಅರಬ್ಬಿಯಲ್ಲಿ ದೊರೆಯುತ್ತಿದ್ದವು. ಇಬ್ನುಲ್ ಹೈಸಮ್ ಓದಿ ಬೆಳೆದದ್ದು ಇವುಗಳನ್ನೇ. ಆದರೆ ಓದಿದ್ದನ್ನೆಲ್ಲ ತಲೆಬಾಗಿ ಒಪ್ಪುವ ಸ್ವಭಾವ ಅವರದಾಗಿರಲಿಲ್ಲ. ಮುಂದೆ ಟಾಲೆಮಿಯ ಖಗೋಳ ಗ್ರಂಥಗಳಲ್ಲಿ ತಮಗೆ ಒಪ್ಪಿಗೆಯಾಗದ ಮಾತುಗಳನ್ನು ಹೆಕ್ಕಿ ಸಂದೇಹಗಳ ಒಂದು ಪುಸ್ತಕವನ್ನೇ ಬರೆದರು. ಟಾಲೆಮಿಯೆಂದರೆ ಆ ಕಾಲದಲ್ಲಿ ಎದುರು ಮಾತಿಲ್ಲದ ಹೆಸರು ಎಂಬುದನ್ನು ನೆನಪಿಡಿ.

ಅವರ ಜೀವನದಲ್ಲಿ ಎಲ್ಲರೂ ಹೇಳುವ ಕತೆ ನೈಲ್ ನದಿಯದು. ನೈಲ್ ಒಂದು ವರ್ಷ ಉಕ್ಕಿ ಹೊಲಗಳನ್ನು ಮುಳುಗಿಸುವುದು, ಇನ್ನೊಂದು ವರ್ಷ ಸೊರಗಿ ಬರ ತರುವುದು. ತಾನು ಈಜಿಪ್ಟಿನಲ್ಲಿದ್ದರೆ ಎರಡೂ ಕಾಲದಲ್ಲಿ ಜನರಿಗೆ ಉಪಯೋಗವಾಗುವಂತೆ ಆ ನೀರಿಗೆ ಒಂದು ವ್ಯವಸ್ಥೆ ಮಾಡುತ್ತಿದ್ದೆ ಎಂದು ಇಬ್ನುಲ್ ಹೈಸಮ್ ಹೇಳಿದ್ದರಂತೆ. ಆ ಮಾತು ಕೈರೋದ ಫಾತಿಮಿ ಖಲೀಫ ಅಲ್-ಹಾಕಿಮ್‌ರ ಕಿವಿಗೆ ಬಿತ್ತು. ಅಲ್-ಹಾಕಿಮ್ 996ರಿಂದ 1021ರವರೆಗೆ ಆಳಿದವರು. ಒಂದು ಕಡೆ 1005ರಲ್ಲಿ ದಾರುಲ್ ಇಲ್ಮ್ ಎಂಬ ವಿದ್ಯಾಕೇಂದ್ರವನ್ನು ತೆರೆದು ವಿದ್ವಾಂಸರನ್ನು ಪೋಷಿಸಿದವರು, ಇನ್ನೊಂದು ಕಡೆ ಯಾವ ಗಳಿಗೆಯಲ್ಲಿ ಯಾರ ತಲೆ ಹೋಗುತ್ತದೆಂದು ಹೇಳಲಾಗದಂಥ ಆಡಳಿತಗಾರರು. ಅವರು ಇಬ್ನುಲ್ ಹೈಸಮ್‌ರನ್ನು ಕರೆಸಿ ಗೌರವಿಸಿ, ಕೆಲಸಗಾರರನ್ನು ಜೊತೆಗೆ ಕೊಟ್ಟು ನದಿಯ ಮೇಲ್ದಂಡೆಗೆ ಕಳುಹಿಸಿದರು.

ತಂಡ ದಕ್ಷಿಣಕ್ಕೆ ಸಾಗಿ ಅಸ್ವಾನ್ ಬಳಿಯ ಬಂಡೆಗಳ ಪ್ರದೇಶವನ್ನು ತಲುಪಿತು. ದಾರಿಯುದ್ದಕ್ಕೂ ಪ್ರಾಚೀನ ಈಜಿಪ್ಟಿನವರ ಕಟ್ಟಡಗಳು. ಅವುಗಳ ಅಳತೆ, ಕಲ್ಲಿನ ಕೆಲಸ, ರೇಖಾಗಣಿತದ ನಿಖರತೆಯನ್ನು ಕಂಡಾಗ ಇಬ್ನುಲ್ ಹೈಸಮ್‌ರ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿತು. ಇಷ್ಟೆಲ್ಲ ಬಲ್ಲವರು ಇದೇ ನದಿಯ ದಂಡೆಯಲ್ಲಿದ್ದರು. ನದಿಯನ್ನು ಹಿಡಿದು ನಿಲ್ಲಿಸಲು ಸಾಧ್ಯವಿದ್ದರೆ ಅವರೇ ಮಾಡಿರುತ್ತಿರಲಿಲ್ಲವೇ? ಸ್ಥಳವನ್ನು ನೋಡಿ, ಎರಡೂ ದಂಡೆಗಳನ್ನು ಪರೀಕ್ಷಿಸಿದ ಮೇಲೆ ತಮ್ಮ ಯೋಜನೆ ನಡೆಯದೆಂಬುದು ಖಚಿತವಾಯಿತು. ಕೈರೋಗೆ ಹಿಂತಿರುಗಿ ಖಲೀಫರ ಮುಂದೆ ಹಾಗೆಯೇ ಒಪ್ಪಿಕೊಂಡರು.

ಇಲ್ಲಿ ನೀವು ಸ್ವಲ್ಪ ನಿಲ್ಲಬೇಕೆಂದು ನನ್ನ ಕೋರಿಕೆ. ಇದನ್ನು ಸೋಲಿನ ಕತೆಯೆಂದು ಹೇಳುವವರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ಅಸ್ವಾನಿನಲ್ಲಿ ಮೊದಲ ಅಣೆಕಟ್ಟು ಮುಗಿದದ್ದು 1902ರಲ್ಲಿ, ದೊಡ್ಡ ಅಣೆಕಟ್ಟು ಪೂರ್ಣಗೊಂಡದ್ದು 1970ರಲ್ಲಿ. ಅದಕ್ಕೆ ಇಪ್ಪತ್ತನೆಯ ಶತಮಾನದ ಯಂತ್ರಗಳು ಬೇಕಾದವು. ಹನ್ನೊಂದನೆಯ ಶತಮಾನದಲ್ಲಿ ಇಬ್ನುಲ್ ಹೈಸಮ್ ಸುಳ್ಳು ಭರವಸೆ ಕೊಟ್ಟು ಖಜಾನೆಯ ಹಣ ನದಿಗೆ ಸುರಿಯಬಹುದಿತ್ತು. ಆಗುವುದಿಲ್ಲ ಎಂದು ಹೇಳಿದರೆ ಪ್ರಾಣಕ್ಕೇ ಅಪಾಯವಿತ್ತು. ಅವರು ಹೇಳಿದರು.

ಖಲೀಫರು ಆ ಹೊತ್ತಿಗೆ ಸುಮ್ಮನಾಗಿ ಸರಕಾರದಲ್ಲಿ ಒಂದು ಕೆಲಸ ಕೊಟ್ಟರು. ಆದರೆ ಭಯ ಹೋಗಲಿಲ್ಲ. ಕೊನೆಗೆ ಇಬ್ನುಲ್ ಹೈಸಮ್ ಹುಚ್ಚು ಹಿಡಿದವರಂತೆ ನಟಿಸಿದರಂತೆ. ಅವರ ಆಸ್ತಿಯನ್ನು ವಶಪಡಿಸಿಕೊಂಡು ಅವರನ್ನು ಮನೆಯಲ್ಲೇ ಕೂಡಿಹಾಕಲಾಯಿತು. 1021ರಲ್ಲಿ ಅಲ್-ಹಾಕಿಮ್ ಒಂದು ರಾತ್ರಿ ಮುಖತ್ತಮ್ ಬೆಟ್ಟದ ಕಡೆ ಹೋದವರು ಹಿಂತಿರುಗಲಿಲ್ಲ. ಆ ಬಳಿಕವೇ ಇಬ್ನುಲ್ ಹೈಸಮ್‌ರ ಹುಚ್ಚು ಬಿಟ್ಟಿತು. ಈ ಕತೆಯನ್ನು ನಮಗೆ ತಲುಪಿಸಿದವರು 1248ರಲ್ಲಿ ನಿಧನರಾದ ಇಬ್ನುಲ್ ಖಿಫ್ತಿ, ಅಂದರೆ ಘಟನೆಯಾಗಿ ಇನ್ನೂರು ವರ್ಷಗಳ ನಂತರದವರು. ಅವರಿಗಿಂತ ಮೊದಲಿನ ಬೈಹಖಿ ಎಂಬ ಲೇಖಕರು ಇಬ್ನುಲ್ ಹೈಸಮ್ ಸಿರಿಯಾಕ್ಕೆ ಓಡಿಹೋದರೆಂದು ಬೇರೆ ರೀತಿ ಬರೆದಿದ್ದಾರೆ. ಆದ್ದರಿಂದ ಹುಚ್ಚಿನ ಕತೆಯನ್ನು ನೀವು ಭಾಷಣ ಸ್ಪರ್ಧೆಯಲ್ಲಿ ಹೇಳುವುದಾದರೆ ಹೀಗೆಂದು ಹೇಳುತ್ತಾರೆ ಎಂಬ ಮಾತನ್ನು ಸೇರಿಸಿಯೇ ಹೇಳಿ.

ಬಿಡುಗಡೆಯ ನಂತರದ ಬದುಕು ಬಹಳ ಸರಳ. ಅಲ್-ಅಝ್‌ಹರ್ ಮಸೀದಿಯ ಹತ್ತಿರ ವಾಸ, ಪಾಠ, ಬರವಣಿಗೆ. ಹೊಟ್ಟೆಪಾಡಿಗೆ ವರ್ಷಕ್ಕೊಮ್ಮೆ ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಅಲ್ಮಜಸ್ತಿ ಮತ್ತು ಇವೆರಡರ ನಡುವೆ ಓದಿಸುತ್ತಿದ್ದ ಮಧ್ಯಮ ಗ್ರಂಥಗಳನ್ನು ಕೈಯಲ್ಲಿ ನಕಲು ಮಾಡಿ ಮಾರುತ್ತಿದ್ದರು. ಅದಕ್ಕೆ ಸಿಗುತ್ತಿದ್ದುದು 150 ದೀನಾರ್. ಆ ಹಣದಲ್ಲಿ ವರ್ಷ ಸಾಗಿಸುತ್ತಿದ್ದರು. 90ಕ್ಕೂ ಹೆಚ್ಚು ಕೃತಿಗಳ ಹೆಸರುಗಳು ಅವರ ಪಟ್ಟಿಯಲ್ಲಿವೆ.

ಅವುಗಳಲ್ಲಿ ಹಿರಿದಾದದ್ದು ಕಿತಾಬುಲ್ ಮನಾಝಿರ್. ಉರ್ದು ಓದುವ ಮಕ್ಕಳಿಗೆ ಈ ಹೆಸರು ಕಷ್ಟವಲ್ಲ. ನಝರ್, ನಝಾರಾ, ಮನ್ಝರ್ ಎಲ್ಲವೂ ಒಂದೇ ಬೇರಿನ ಪದಗಳು. ಮನ್ಝರಿನ ಬಹುವಚನ ಮನಾಝಿರ್. ನೋಟಶಾಸ್ತ್ರದ ಈ ಗ್ರಂಥದಲ್ಲಿ ಏಳು ಭಾಗಗಳಿವೆ.

ಅದಕ್ಕಿಂತ ಮುಂಚೆ ವಿದ್ವಾಂಸರು ಏನೆಂದು ನಂಬಿದ್ದರು? ಯೂಕ್ಲಿಡ್ ಮತ್ತು ಟಾಲೆಮಿಯ ಪ್ರಕಾರ ನಮ್ಮ ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ. ಕುರುಡನು ಕೋಲಿನಿಂದ ತಡವಿ ತಿಳಿದಂತೆ. ಕೇಳಲು ವಿಚಿತ್ರವಾದರೂ ಈ ಲೆಕ್ಕದಿಂದ ರೇಖಾಗಣಿತ ಚೆನ್ನಾಗಿಯೇ ಕೂಡಿಬರುತ್ತಿತ್ತು. ಅರಿಸ್ಟಾಟಲ್ ಪಂಥದವರು ವಸ್ತುವಿನ ರೂಪವೇ ಗಾಳಿಯ ಮೂಲಕ ಕಣ್ಣಿಗೆ ಬರುತ್ತದೆಂದರು, ಆದರೆ ಅದಕ್ಕೆ ಲೆಕ್ಕ ಕೂಡಿಸಲಿಲ್ಲ. ಇಬ್ನುಲ್ ಹೈಸಮ್ ಆರಂಭಿಸಿದ್ದು ಯಾರೂ ಅಲ್ಲಗಳೆಯಲಾಗದ ಅನುಭವದಿಂದ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ನೋಯುತ್ತದೆ. ಪ್ರಖರ ಬೆಳಕನ್ನು ನೋಡಿ ಕಣ್ಣು ಮುಚ್ಚಿದರೂ ಅದರ ಗುರುತು ಕೆಲವು ಹೊತ್ತು ಉಳಿಯುತ್ತದೆ. ಹಾಗಾದರೆ ಹೊರಗಿನದೇನೋ ಕಣ್ಣಿನ ಒಳಗೆ ಬಂದು ಕೆಲಸ ಮಾಡುತ್ತಿದೆ. ಬೆಳಕು ಬಿದ್ದ ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಎಲ್ಲ ದಿಕ್ಕಿಗೂ ನೇರ ರೇಖೆಯಲ್ಲಿ ಬೆಳಕು ಹೊರಡುತ್ತದೆ, ಅದರಲ್ಲಿ ಕಣ್ಣಿಗೆ ಬಂದದ್ದರಿಂದ ನೋಟ ಉಂಟಾಗುತ್ತದೆ ಎಂದು ಅವರು ತೀರ್ಮಾನಿಸಿದರು.

ಬೆಳಕು ನೇರವಾಗಿ ಹೋಗುವುದೆಂಬುದನ್ನು ಕೊಳವೆ ಹಿಡಿದು ಪರೀಕ್ಷಿಸಿದರು. ಇನ್ನೊಂದು ಪರೀಕ್ಷೆ ಕತ್ತಲೆ ಕೋಣೆಯದು. ಕೋಣೆಯ ಗೋಡೆಯಲ್ಲಿ ಒಂದು ರಂಧ್ರ. ರಂಧ್ರದ ಹೊರಗೆ ಬೇರೆ ಬೇರೆ ಜಾಗದಲ್ಲಿ ಹಲವು ದೀಪಗಳು. ಒಳಗಿನ ಗೋಡೆಯ ಮೇಲೆ ಪ್ರತಿ ದೀಪಕ್ಕೂ ಒಂದೊಂದು ಬೆಳಕಿನ ಚುಕ್ಕೆ ಬೇರೆ ಬೇರೆಯಾಗಿ ಬೀಳುತ್ತದೆ. ಒಂದು ದೀಪಕ್ಕೆ ಮರೆ ಹಿಡಿದರೆ ಅದರ ಚುಕ್ಕೆ ಮಾತ್ರ ಮಾಯವಾಗುತ್ತದೆ, ಮರೆ ತೆಗೆದರೆ ಅದೇ ಜಾಗಕ್ಕೆ ಬರುತ್ತದೆ. ಎಲ್ಲ ದೀಪಗಳ ಬೆಳಕೂ ಆ ಒಂದೇ ಸಣ್ಣ ರಂಧ್ರದಲ್ಲಿ ನುಗ್ಗಿ ಬಂದರೂ ಒಂದರೊಳಗೊಂದು ಕಲಸಿಹೋಗಲಿಲ್ಲ. ಎರಡು ಮೇಣದಬತ್ತಿ, ಒಂದು ರಟ್ಟಿನ ಡಬ್ಬಿ ಇದ್ದರೆ ನಮ್ಮ ಶಾಲೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಇದೇ ಸಂಗತಿಯ ಮೇಲೆ ಇಂದಿನ ಎ.ಆರ್. ಕನ್ನಡಕ ನಿಂತಿದೆ. ಬೀದಿಯಿಂದ ಬರುವ ಬೆಳಕೂ ಪುಟ್ಟ ಪರದೆಯಿಂದ ಬರುವ ಬೆಳಕೂ ಒಂದೇ ಗಾಜಿನ ಮೂಲಕ ಒಂದೇ ಕಣ್ಣಿನ ಪಾಪೆಗೆ ಹೋಗುತ್ತವೆ. ದಾರಿಯಲ್ಲಿ ಅವು ಒಂದನ್ನೊಂದು ಕೆಡಿಸುವುದಿಲ್ಲ.

ಪರದೆ ಕಣ್ಣಿಗೆ ಎರಡು ಸೆಂಟಿಮೀಟರ್ ದೂರದಲ್ಲಿದ್ದರೆ ಯಾರಿಗೂ ಸ್ಪಷ್ಟವಾಗಿ ಕಾಣದು. ಬೆರಳನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿ. ಅದಕ್ಕೇ ಮಸೂರದಿಂದ ಅಥವಾ ಬಾಗಿದ ಕನ್ನಡಿಯಿಂದ ಆ ಬೆಳಕನ್ನು ದೂರದಿಂದ ಬಂದಂತೆ ತಿರುಗಿಸಬೇಕು. ಆಮೇಲೆ ಅರ್ಧ ಬೆಳಕನ್ನು ಬಿಟ್ಟು ಅರ್ಧವನ್ನು ಪ್ರತಿಫಲಿಸುವ ಗಾಜಿನಿಂದ ಹೊರಗಿನ ನೋಟದ ಜೊತೆ ಸೇರಿಸಬೇಕು. ಈಗ ಗಣಿತ ಮಾಡಿ. ಕಣ್ಣಿನಿಂದ 20 ಮಿಲಿಮೀಟರ್ ದೂರದ ಗಾಜಿನಲ್ಲಿ 50 ಡಿಗ್ರಿ ಅಗಲದ ಚಿತ್ರ ಕಾಣಬೇಕಾದರೆ, ಕಣ್ಣು ಅತ್ತಿತ್ತ ಆಡಲು 10 ಮಿಲಿಮೀಟರ್ ಬಿಟ್ಟು, ಗಾಜು ಸುಮಾರು 29 ಮಿಲಿಮೀಟರ್ ಅಗಲವಿರಬೇಕು. 100 ಡಿಗ್ರಿಗೆ ಸುಮಾರು 58 ಮಿಲಿಮೀಟರ್ ಬೇಕು. ಅಂಥ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಅದು ಎಷ್ಟು ಎತ್ತರವೋ ಅಷ್ಟೇ ಮುಂದಕ್ಕೂ ಚಾಚಿಕೊಳ್ಳುತ್ತದೆ. ಮುಖದ ಮುಂದೆ ಒಂದು ಡಬ್ಬಿ ಕಟ್ಟಿಕೊಂಡಂತೆ! ನಮ್ಮ ಎರಡು ಕಣ್ಣುಗಳ ಸ್ವಾಭಾವಿಕ ನೋಟವಾದರೋ ಅಡ್ಡಕ್ಕೆ ಸುಮಾರು 200 ಡಿಗ್ರಿ.

ಕನ್ನಡಿಯನ್ನು ಬಾಗಿಸಿ ಜಾಗ ಉಳಿಸಬಹುದು. ಹಾಗೆ ಮಾಡುವವರಿಗೆ ಎದುರಾಗುವ ಪ್ರಶ್ನೆಯೊಂದಿದೆ: ಪರದೆಯ ಈ ಬಿಂದುವಿನಿಂದ ಹೊರಟ ಕಿರಣ ಬಾಗಿದ ಕನ್ನಡಿಯ ಯಾವ ಜಾಗದಲ್ಲಿ ಬಡಿದು ಕಣ್ಣಿಗೆ ಬರುತ್ತದೆ? ಗೋಳಾಕಾರದ ಕನ್ನಡಿಯ ಮಟ್ಟಿಗೆ ಈ ಪ್ರಶ್ನೆಗೆ ಗಣಿತಲೋಕದಲ್ಲಿ ಇಂದಿಗೂ ಅಲ್ಹಾಝೆನ್ ಸಮಸ್ಯೆ ಎಂದೇ ಹೆಸರು. ಕೇಳಲು ಸುಲಭ. ಸಮತಲ ಕನ್ನಡಿಯಲ್ಲಿ ಹತ್ತನೇ ತರಗತಿಯ ವಿದ್ಯಾರ್ಥಿ ಬಿಡಿಸುತ್ತಾನೆ. ಗೋಳದ ಮೇಲೆ ಪತನ ಕೋನವೂ ಪ್ರತಿಫಲನ ಕೋನವೂ ಸಮವಾಗುವ ಬಿಂದುವನ್ನು ಹುಡುಕಲು ಹೊರಟರೆ ಬರಿಯ ಅಳತೆಪಟ್ಟಿ, ಕೈವಾರ ಸಾಲುವುದಿಲ್ಲ. ಇಬ್ನುಲ್ ಹೈಸಮ್ ಐದನೆಯ ಭಾಗದಲ್ಲಿ ವೃತ್ತವನ್ನೂ ಅತಿಪರವಲಯವನ್ನೂ ಒಂದನ್ನೊಂದು ಛೇದಿಸುವಂತೆ ಇಟ್ಟು ಇದನ್ನು ಬಿಡಿಸಿದರು. ಗೋಳದಲ್ಲಿ ನಿಲ್ಲದೆ ಕೊಳವೆಯಾಕಾರದ ಮತ್ತು ಶಂಕುವಿನಾಕಾರದ ಕನ್ನಡಿಗಳಿಗೂ ವಿಸ್ತರಿಸಿದರು. ಬೀಜಗಣಿತದ ದಾರಿಯಲ್ಲಿ ಇದು ನಾಲ್ಕನೆಯ ಘಾತದ ಸಮೀಕರಣವಾಗುತ್ತದೆ. ಜ್ಯಾಕ್ ಎಲ್ಕಿನ್ 1965ರಲ್ಲಿ ಬೀಜಗಣಿತದ ಪರಿಹಾರ ಕೊಟ್ಟರು; ಆಕ್ಸ್‌ಫರ್ಡಿನ ಪೀಟರ್ ನ್ಯೂಮನ್ 1997ರಲ್ಲಿ ಪಟ್ಟಿ ಕೈವಾರಗಳಿಂದ ಇದು ಅಸಾಧ್ಯವೆಂದು ಬಿಡಿಸಿ ತೋರಿಸಿದರು. ಈಗ ಕಂಪ್ಯೂಟರು ಇಂಥ ಲಕ್ಷಾಂತರ ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಿ ಲೆಕ್ಕ ಹಾಕುತ್ತದೆ.

ಬಾಗಿದ ಕನ್ನಡಿಗೂ ಒಂದು ಬೆಲೆ ಇದೆ. ಅರ್ಧ ಪ್ರತಿಫಲಿಸುವ ಓರೆಗಾಜು ಒಂದು, ಅರ್ಧ ಪ್ರತಿಫಲಿಸುವ ಬಾಗಿದ ಕನ್ನಡಿ ಒಂದು ಇರುವ ಸಾಮಾನ್ಯ ಜೋಡಣೆಯಲ್ಲಿ ಪರದೆಯ ಬೆಳಕು ಮೂರು ಸಲ ಅರ್ಧವಾಗುತ್ತದೆ. ಕಣ್ಣಿಗೆ ತಲುಪುವುದು ಎಂಟನೇ ಒಂದು ಭಾಗ. ಹೊರಗಿನ ಬೆಳಕು ಎರಡು ಸಲ ಅರ್ಧವಾಗಿ ನಾಲ್ಕನೇ ಒಂದು ಭಾಗವಾಗುತ್ತದೆ. ಬಿಸಿಲಿನಲ್ಲಿ ಚಿತ್ರ ಮಂಕಾಗುವುದಕ್ಕೂ, ಒಳಾಂಗಣದಲ್ಲಿ ಕಪ್ಪು ಕನ್ನಡಕದಂತೆ ಆಗುವುದಕ್ಕೂ ಇದೇ ಕಾರಣ.

ಇನ್ನೊಂದು ದಾರಿ ವಕ್ರೀಭವನದ್ದು, ಅಂದರೆ ಬೆಳಕು ಗಾಳಿಯಿಂದ ಗಾಜಿಗೆ ಹೋಗುವಾಗ ಬಾಗುವುದು. ಏಳನೆಯ ಭಾಗವನ್ನು ಇಬ್ನುಲ್ ಹೈಸಮ್ ಇದಕ್ಕೇ ಮೀಸಲಿಟ್ಟರು. ಆದರೆ ಬಾಗುವಿಕೆಯ ಸರಿಯಾದ ನಿಯಮ ಅವರಿಗೆ ಸಿಗಲಿಲ್ಲ. ಅದೇ ನಿಯಮಕ್ಕೆ ಸಮನಾದ ರಚನೆಯನ್ನು ಸುಮಾರು 984ರಲ್ಲೇ ಬಗ್ದಾದಿನ ಇಬ್ನ್ ಸಹ್ಲ್ ಬರೆದಿದ್ದರು. ಯುರೋಪಿನಲ್ಲಿ 1621ರಲ್ಲಿ ಸ್ನೆಲ್ ಕಂಡುಕೊಂಡರು. ಇಬ್ನ್ ಸಹ್ಲ್‌ರ ಹಸ್ತಪ್ರತಿಯ ಬೆಲೆಯನ್ನು ಜಗತ್ತಿಗೆ ತಿಳಿಸಿದವರು ಇತಿಹಾಸಕಾರ ರುಶ್ದಿ ರಾಶಿದ್, ಅದೂ 1990ರ ಹೊತ್ತಿಗೆ. ಈ ನಿಯಮವಿಲ್ಲದೆ ಇಂದಿನ ತೆಳು ಕನ್ನಡಕವಿಲ್ಲ. ಅದರಲ್ಲಿ ಬೆಳಕನ್ನು ಒಂದೆರಡು ಮಿಲಿಮೀಟರ್ ದಪ್ಪದ ಗಾಜಿನ ಒಂದು ತುದಿಯಲ್ಲಿ ಒಳಬಿಟ್ಟು, ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಅಂಕುಡೊಂಕಾಗಿ ಓಡಿಸಿ, ಕಣ್ಣಿನ ಎದುರಿಗೆ ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತಾರೆ. ಗಾಜಿನ ವಕ್ರೀಭವನ ಸೂಚ್ಯಂಕ 1.5 ಇದ್ದರೆ ಸುಮಾರು 42 ಡಿಗ್ರಿಗಿಂತ ಓರೆಯಾದ ಕಿರಣಗಳು ಮಾತ್ರ ಒಳಗೆ ಸೆರೆಯಾಗುತ್ತವೆ, 2.0 ಇದ್ದರೆ 30 ಡಿಗ್ರಿಯಿಂದಲೇ. ಸೆರೆಯಾಗುವ ಕೋನಗಳು ಹೆಚ್ಚಿದಷ್ಟೂ ಚಿತ್ರ ಅಗಲ. 2016ರಲ್ಲಿ ಬಂದ ಮೈಕ್ರೋಸಾಫ್ಟಿನ ಹೋಲೋಲೆನ್ಸ್‌ನ ಚಿತ್ರ ಅಡ್ಡಕ್ಕೆ ಸುಮಾರು 30 ಡಿಗ್ರಿ ಇತ್ತು, ಕಿಟಕಿಯ ಸಂದಿಯಲ್ಲಿ ನೋಡಿದಷ್ಟು. 2024ರಲ್ಲಿ ಮೆಟಾ ಕಂಪನಿ ತೋರಿಸಿದ ಓರಿಯನ್ ಎಂಬ ಮಾದರಿಯಲ್ಲಿ ಅದು ಸುಮಾರು 70 ಡಿಗ್ರಿಗೆ ಏರಿತು. ಅಲ್ಲಿ ಗಾಜನ್ನು ಬಿಟ್ಟು, ಬೆಳಕನ್ನು ಇನ್ನೂ ಹೆಚ್ಚು ಬಾಗಿಸುವ ಸಿಲಿಕಾನ್ ಕಾರ್ಬೈಡನ್ನು ಬಳಸಿದ್ದರು. ಅದು ದುಬಾರಿ ವಸ್ತು.

ಮೂರನೆಯ ಭಾಗದ ಹಲಗೆಯ ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ನುಣುಪಾದ ಒಂದು ಹಲಗೆ, ಮೂಗು ಕೂರಲು ತುದಿಯಲ್ಲಿ ಒಂದು ಕಚ್ಚು, ಹಲಗೆಯ ಮೇಲೆ ಬಣ್ಣ ಬಣ್ಣದ ಗೆರೆಗಳು, ಅವುಗಳ ಮೇಲೆ ನಿಲ್ಲಿಸಿದ ಸಣ್ಣ ಮೇಣದ ಕಂಬಗಳು. ನಡುವಿನ ಕಂಬದ ಮೇಲೆ ಎರಡೂ ಕಣ್ಣು ನೆಟ್ಟರೆ ಅದು ಒಂದಾಗಿ ಕಾಣುತ್ತದೆ. ಅದೇ ನಡುಗೆರೆಯಲ್ಲಿ ಹಿಂದೆ ಮುಂದೆ ಇರುವ ಕಂಬಗಳು ಎರಡೆರಡಾಗಿ ಕಾಣುತ್ತವೆ. ಎರಡು ಪೆನ್ಸಿಲ್ ಹಿಡಿದು ನೀವೇ ನೋಡಿ. ಎರಡು ಕಣ್ಣುಗಳ ನೋಟ ಒಂದಾಗುವುದು ಎಲ್ಲಿ, ಒಡೆಯುವುದು ಎಲ್ಲಿ ಎಂದು ಅವರು ಗೆರೆ ಎಳೆದು ತೋರಿಸಿದರು. ನೋಟದ ನಡುಭಾಗದಲ್ಲಿ ಸ್ಪಷ್ಟತೆ ಹೆಚ್ಚು, ಬದಿಗೆ ಹೋದಷ್ಟೂ ಕಡಿಮೆ, ಅದಕ್ಕೇ ಕಣ್ಣು ವಸ್ತುವಿನ ಮೇಲೆ ಓಡಾಡುತ್ತಿರುತ್ತದೆ ಎಂಬುದನ್ನೂ ಗುರುತಿಸಿದರು. ಇಂದಿನ ಕನ್ನಡಕ ತಯಾರಕರು ಈ ಎರಡನ್ನೂ ಬಿಟ್ಟು ಒಂದು ಹೆಜ್ಜೆ ಇಡಲಾರರು. ಹೋಲೋಲೆನ್ಸ್‌ನಲ್ಲಿ ಬಿಂಬದ ದೂರ ಸುಮಾರು 2 ಮೀಟರಿಗೆ ಸ್ಥಿರವಾಗಿತ್ತು. ಅಂಥ ಕನ್ನಡಕದಲ್ಲಿ ಕೈಗೆಟುಕುವಷ್ಟು ಹತ್ತಿರ ಒಂದು ಆಕೃತಿಯನ್ನು ತೋರಿಸಿದರೆ ಎರಡು ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಕಣ್ಣಿನ ಮಸೂರ ಮಾತ್ರ 2 ಮೀಟರಿನಲ್ಲೇ ನಿಲ್ಲಬೇಕಾಗುತ್ತದೆ. ಈ ಜಗ್ಗಾಟದಿಂದ ಕಣ್ಣು ದಣಿಯುತ್ತದೆ.

ಈಗ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಮೊಬೈಲಿನಲ್ಲಿ ಓಡಾಡುವ ಸಂದೇಶಗಳಲ್ಲಿ ಇಬ್ನುಲ್ ಹೈಸಮ್ ಕ್ಯಾಮೆರಾ ಕಂಡುಹಿಡಿದರು, ಕನ್ನಡಕ ಕಂಡುಹಿಡಿದರು ಎಂದೆಲ್ಲ ಬರುತ್ತದೆ. ಅವರು ಎರಡನ್ನೂ ಕಂಡುಹಿಡಿಯಲಿಲ್ಲ. ಕತ್ತಲೆ ಕೋಣೆಯ ಬೆಳಕು ಅವರಿಗಿಂತ ಹಿಂದೆಯೇ ಚೀನಾದಲ್ಲೂ ಗ್ರೀಸಿನಲ್ಲೂ ತಿಳಿದಿತ್ತು. ಕಣ್ಣಿನ ವಿಷಯದಲ್ಲಿಯೂ ಅವರು ಒಂದು ಕಡೆ ತಪ್ಪಿದರು: ನೋಟದ ಅರಿವು ಹುಟ್ಟುವುದು ಕಣ್ಣಿನ ಮಸೂರದಲ್ಲೇ ಎಂದು ತಿಳಿದರು. ಬಿಂಬ ಬೀಳುವುದು ಹಿಂದಿನ ಅಕ್ಷಿಪಟದ ಮೇಲೆ, ಅದೂ ತಲೆಕೆಳಗಾಗಿ ಎಂದು 1604ರಲ್ಲಿ ಕೆಪ್ಲರ್ ತೋರಿಸಿದರು. ಈ ಮಾತಿನಿಂದ ಇಬ್ನುಲ್ ಹೈಸಮ್‌ರ ಗೌರವ ಕಡಿಮೆಯಾಗುತ್ತದೆಂದು ಯಾರಾದರೂ ಬೇಸರಿಸಿದರೆ ಅವರು ಕಿತಾಬುಲ್ ಮನಾಝಿರ್ ಬರೆದವರನ್ನು ಅರಿತಿಲ್ಲವೆಂದೇ ನಾನು ಹೇಳುತ್ತೇನೆ. ಹಿರಿಯರ ಗ್ರಂಥ ಓದುವವನು ತನ್ನನ್ನೂ ಸೇರಿಸಿ ಎಲ್ಲರನ್ನೂ ಅನುಮಾನದಿಂದ ನೋಡಬೇಕೆಂಬುದು ಅವರದೇ ನಿಲುವು.

ಅವರು ಕೈರೋದಲ್ಲಿ ಸುಮಾರು 1040ರಲ್ಲಿ ತೀರಿಕೊಂಡರು. ಗ್ರಂಥದ ಪ್ರಯಾಣ ಅಲ್ಲಿಂದ ಮುಂದುವರಿಯಿತು. ಸುಮಾರು 1200ರ ಹೊತ್ತಿಗೆ ಅದು ಲ್ಯಾಟಿನ್‌ಗೆ ಹೋಯಿತು, ಆದರೆ ಮೊದಲ ಭಾಗದ ಮೊದಲ ಮೂರು ಅಧ್ಯಾಯಗಳು ಅದರಲ್ಲಿರಲಿಲ್ಲ. ತಾವು ಏಕೆ, ಹೇಗೆ ಪರೀಕ್ಷಿಸುತ್ತೇವೆಂದು ಇಬ್ನುಲ್ ಹೈಸಮ್ ವಿವರಿಸಿದ್ದ ಪುಟಗಳು ಅಲ್ಲೇ ಇದ್ದವು. 1572ರಲ್ಲಿ ಬಾಸೆಲ್‌ನಲ್ಲಿ ರಿಸ್ನರ್ ಅದನ್ನು ಮುದ್ರಿಸಿದಾಗಲೂ ಆ ಪುಟಗಳಿಲ್ಲದೆಯೇ ಮುದ್ರಣವಾಯಿತು. ಇತ್ತ ಇರಾನಿನಲ್ಲಿ 1300ರ ಆಸುಪಾಸಿನಲ್ಲಿ ಕಮಾಲುದ್ದೀನ್ ಫಾರಿಸಿ ಇಡೀ ಗ್ರಂಥಕ್ಕೆ ವ್ಯಾಖ್ಯಾನ ಬರೆದು, ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯೆಂದು ಭಾವಿಸಿ ಕಾಮನಬಿಲ್ಲಿನ ಕಾರಣ ಬಿಡಿಸಿದರು. ಮೊದಲ ಮೂರು ಭಾಗಗಳನ್ನು ಅರಬ್ಬಿ ಮೂಲದಿಂದ ಇಂಗ್ಲಿಷಿಗೆ ತಂದವರು ಈಜಿಪ್ಟಿನಲ್ಲಿ ಹುಟ್ಟಿದ ಪ್ರೊಫೆಸರ್ ಅಬ್ದುಲ್ ಹಮೀದ್ ಸಬ್ರಾ. ಅದು ಪ್ರಕಟವಾದದ್ದು 1989ರಲ್ಲಿ. ಅವರು ಆಧಾರವಾಗಿ ಇಟ್ಟುಕೊಂಡ ಹಸ್ತಪ್ರತಿಗಳಲ್ಲಿ ಮುಖ್ಯವಾದವು ಇಸ್ತಾಂಬುಲ್‌ನಲ್ಲಿವೆ. 1083–84ರಲ್ಲಿ ಬಸ್ರಾದಲ್ಲಿ ಕುಳಿತು ಅವನ್ನು ಪ್ರತಿ ಮಾಡಿದವರು ಇಬ್ನುಲ್ ಹೈಸಮ್‌ರಿಗೆ ಮದುವೆ ಸಂಬಂಧದಿಂದ ನೆಂಟರಾದ ಅಹ್ಮದ್ ಅಲ್-ಅಸ್ಕರಿ.